ಗಡಿಯ ಕಣಿವೆಮಾರ್ಗವೊಂದರ ಇತಿಹಾಸ ಬರೆಯುವ ಬಗೆ: ನಾಥು ಲಾ ನಿದರ್ಶನ

ಈ ವಿಷಯವನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಮೊದಲ ತೊಡಕು ಎದುರಾಗುವುದು ಪದದಲ್ಲಿಯೇ. ನಮ್ಮ ಪತ್ರಿಕೆಗಳು ಖೈಬರ್ ಕಣಿವೆ ಎಂದು ಬರೆಯುತ್ತವೆ, ಗಾಲ್ವಾನ್ ಕಣಿವೆ ಎಂದೂ ಬರೆಯುತ್ತವೆ. ಮೊದಲನೆಯದು ಬೆಟ್ಟಸಾಲನ್ನು ದಾಟುವ ದಾರಿ, ಎರಡನೆಯದು ನದಿ ಹರಿಯುವ ತಗ್ಗು. ಮಾರಿಕಣಿವೆ ಎಂಬ ಊರ ಹೆಸರಿನಲ್ಲಿ ಉಳಿದಿರುವಂತೆ, ಎರಡು ಗುಡ್ಡಗಳ ನಡುವಿನ ಸಂದಿಗೂ ನಾವು ಇದೇ ಪದವನ್ನು ಬಳಸಿದ್ದೇವೆ. ಸಿಕ್ಕಿಂ ಮತ್ತು ಟಿಬೆಟ್ ನಡುವಿನ ನಾಥು ಲಾ ಕುರಿತು ಬರೆಯುವಾಗ ಈ ಗೊಂದಲ ತಲೆನೋವಾಗುತ್ತದೆ. ಏಕೆಂದರೆ ನಾಥು ಲಾ ದಾಟುವ ದಾರಿಯಾದರೆ, ಅದರ ಆಚೆಗೆ ಟಿಬೆಟ್ ಕಡೆಯಲ್ಲಿರುವ ಚುಂಬಿಯು ನದಿ ಹರಿಯುವ ತಗ್ಗು, ಮತ್ತು ಎರಡೂ ಒಂದೇ ವಾಕ್ಯದಲ್ಲಿ ಬರುವ ಸಂದರ್ಭಗಳು ಹತ್ತಾರು. ಆದುದರಿಂದ ಬರವಣಿಗೆಗೆ ಮೊದಲೇ ದಾಟುವ ದಾರಿಗೆ ‘ಕಣಿವೆಮಾರ್ಗ’, ತಗ್ಗಿಗೆ ‘ಕಣಿವೆ’ ಎಂದು ಗೊತ್ತುಮಾಡಿಕೊಂಡು, ಕೊನೆಯವರೆಗೂ ಅದನ್ನೇ ಪಾಲಿಸಬೇಕು. ಟಿಬೆಟನ್ ಭಾಷೆಯಲ್ಲಿ ‘ಲಾ’ ಎಂದರೆ ಕಣಿವೆಮಾರ್ಗವೇ ಆದ್ದರಿಂದ ‘ನಾಥು ಲಾ ಪಾಸ್’ ಎಂದು ಬರೆಯುವುದು ‘ಗೇಟು ಬಾಗಿಲು’ ಎಂದಂತೆ.

ಹೆಸರಿನ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಹಳೆಯ ಬ್ರಿಟಿಷ್ ಕಡತಗಳಲ್ಲಿ ನಾಟು ಲಾ, ನಾತು ಲಾ ಎಂಬ ರೂಪಗಳಿವೆ. ಚೀನಾದ ದಾಖಲೆಗಳಲ್ಲಿ ಅದು ನಾಯ್ದುಯ್‌ಲಾ ಆಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕೆ, ಬೇರೆಯದೇ ದಾರಿಯಲ್ಲಿ, ನಾಥಾಂಗ್ ಎಂಬ ಹಳ್ಳಿಯಿದೆ. ಬ್ರಿಟಿಷರಿಗೂ ಟಿಬೆಟನ್ನರಿಗೂ ನಡೆದ 1888ರ ಯುದ್ಧದ ವರದಿಗಳಲ್ಲಿ ಬರುವುದು ಈ ನಾಥಾಂಗ್. ಅವಸರದಲ್ಲಿ ಓದುವವರು ಅದನ್ನು ನಾಥು ಲಾ ಎಂದುಕೊಂಡು, ಇಲ್ಲದ ಯುದ್ಧವೊಂದನ್ನು ಈ ಕಣಿವೆಮಾರ್ಗಕ್ಕೆ ಅಂಟಿಸಿಬಿಡುವುದುಂಟು. ಆಕರಗಳನ್ನು ಹುಡುಕುವ ಮುನ್ನವೇ ಒಂದು ಸ್ಥಳದ ಎಲ್ಲ ಹೆಸರುಗಳನ್ನೂ, ಅದರಂತೆಯೇ ಕೇಳಿಸುವ ಬೇರೆ ಸ್ಥಳಗಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಮುಂದಿನ ಕೆಲಸ ಒಂದು ದಾಖಲೆಪುಸ್ತಕವನ್ನು ತೆರೆಯುವುದು. ಕೋಟೆ ಅಥವಾ ದೇವಾಲಯದ ಇತಿಹಾಸವನ್ನು ಕಟ್ಟಿದವರಿಂದ ಆರಂಭಿಸಬಹುದು. ಕಣಿವೆಮಾರ್ಗವನ್ನು ಯಾರೂ ಕಟ್ಟಿದ್ದಲ್ಲ. ಅಲ್ಲಿ ಯಾರೂ ನೆಲೆಸಿದ್ದೂ ಇಲ್ಲ. ಅದರ ಇತಿಹಾಸವೆಂದರೆ ಅದು ಯಾರಿಗೆ, ಯಾವಾಗ, ಯಾರ ಅಪ್ಪಣೆಯಿಂದ ತೆರೆದಿತ್ತು ಎಂಬುದರ ಇತಿಹಾಸ. ಆದ್ದರಿಂದ ಪುಸ್ತಕದ ಪ್ರತಿ ಪುಟದಲ್ಲೂ ಐದು ಅಂಕಣಗಳನ್ನು ಎಳೆಯಬೇಕು: ದಿನಾಂಕ, ದಾಟಿದವರು, ಯಾವ ಕಡೆಯಿಂದ ಯಾವ ಕಡೆಗೆ, ಅಪ್ಪಣೆ ಕೊಟ್ಟವರು, ಮತ್ತು ಈ ಮಾಹಿತಿ ದೊರೆತ ಆಕರ. ಸೈನಿಕ, ವರ್ತಕ, ಹೇಸರಗತ್ತೆ ಹೊಡೆಯುವವನು, ಯಾತ್ರಿಕ, ಪ್ರಧಾನಮಂತ್ರಿ ಎಲ್ಲರಿಗೂ ಒಂದೊಂದೇ ಸಾಲು. ಇದೊಂದನ್ನು ಶ್ರದ್ಧೆಯಿಂದ ಮಾಡಿದರೆ ಅರ್ಧ ಕೆಲಸ ಮುಗಿದಂತೆ; ಏಕೆಂದರೆ ‘ಪ್ರಾಚೀನ ರೇಷ್ಮೆಮಾರ್ಗದ ಕವಲು’ ಎಂಬಂತಹ, ಎಲ್ಲ ಪ್ರವಾಸಿ ಲೇಖನಗಳೂ ಒಂದರಿಂದೊಂದು ಎತ್ತಿಕೊಳ್ಳುವ ಮಾತನ್ನು ಈ ಅಂಕಣಗಳಲ್ಲಿ ತುಂಬಲು ಹೋದಾಗ ದಿನಾಂಕವೂ ಸಿಗುವುದಿಲ್ಲ, ದಾಟಿದವರೂ ಸಿಗುವುದಿಲ್ಲ.

ನಕ್ಷೆಯನ್ನು ಬಿಡಿಸಿದಾಗ ಮೊದಲು ನೋಡಬೇಕಾದದ್ದು ಗಡಿಯ ಗೆರೆಯಲ್ಲ, ನೀರು ಹರಿಯುವ ದಿಕ್ಕು. ನಾಥು ಲಾ ಸಮುದ್ರಮಟ್ಟದಿಂದ ಸುಮಾರು 4310 ಮೀಟರ್ ಎತ್ತರದಲ್ಲಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ತೀಸ್ತಾ ನದಿಯನ್ನು ಸೇರುತ್ತದೆ, ಪೂರ್ವಕ್ಕೆ ಬಿದ್ದದ್ದು ಚುಂಬಿ ಕಣಿವೆಯ ಮೋಚು ನದಿಯನ್ನು ಸೇರುತ್ತದೆ. 1890ರ ಮಾರ್ಚ್ 17ರಂದು ಕಲ್ಕತ್ತೆಯಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಮತ್ತು ಚೀನಾದ ಪ್ರತಿನಿಧಿ ಶೆಂಗ್ ತಾಯ್ ಸಹಿ ಮಾಡಿದ ಒಪ್ಪಂದದ ಮೊದಲನೆಯ ವಿಧಿ ಗಡಿಯನ್ನು ಹೇಳುವುದು ಈ ನೀರಿನ ಲೆಕ್ಕದಲ್ಲಿಯೇ: ತೀಸ್ತಾ ಮತ್ತು ಅದರ ಉಪನದಿಗಳಿಗೆ ಹೋಗುವ ನೀರನ್ನೂ ಮೋಚುವಿಗೆ ಹೋಗುವ ನೀರನ್ನೂ ಬೇರ್ಪಡಿಸುವ ಬೆಟ್ಟಸಾಲಿನ ನೆತ್ತಿಯೇ ಸಿಕ್ಕಿಂ ಮತ್ತು ಟಿಬೆಟ್‌ನ ಗಡಿ, ಮತ್ತು ಆ ಗೆರೆ ಭೂತಾನದ ಅಂಚಿನ ಗಿಪ್ಮೋಚಿ ಶಿಖರದಿಂದ ಆರಂಭವಾಗುತ್ತದೆ. ಸಹಿ ಹಾಕಿದವರಲ್ಲಿ ಟಿಬೆಟ್ ಇರಲಿಲ್ಲ ಎಂಬುದನ್ನು ಬರೆಯುವವರು ಗಮನಿಸದೇ ಹೋದರೆ, 1895ರಲ್ಲಿ ನೆಟ್ಟ ಗಡಿಗಲ್ಲುಗಳನ್ನು ಟಿಬೆಟನ್ನರು ಕಿತ್ತುಹಾಕಿದ್ದು ಪುಂಡಾಟಿಕೆಯಂತೆ ಕಾಣುತ್ತದೆ. ತಮ್ಮನ್ನು ಕೇಳದೆ ಎಳೆದ ಗೆರೆಯನ್ನು ಅವರು ಒಪ್ಪಿರಲಿಲ್ಲ, ಅಷ್ಟೇ. ಭಾರತ, ಚೀನಾ, ಭೂತಾನಗಳ ಗಡಿ ಕೂಡುವಲ್ಲಿ ಭಾರತ ಮತ್ತು ಚೀನಾದ ಪಡೆಗಳು ಎದುರುಬದುರಾದ 2017ರ ದೋಕ್ಲಾಮ್ ಬಿಕ್ಕಟ್ಟಿನಲ್ಲಿ ಚೀನಾ ಎತ್ತಿ ತೋರಿಸಿದ್ದೂ ಇದೇ 1890ರ ವಿಧಿಯನ್ನು. ಆದ್ದರಿಂದ ಈ ಒಪ್ಪಂದದ ಸಾರಾಂಶವನ್ನಲ್ಲ, ಮೂಲಪಾಠವನ್ನೇ ಓದಬೇಕು. ಎಂಟು ವಿಧಿಗಳ ಪುಟ್ಟ ದಾಖಲೆ ಅದು, ಒಂದು ಕುಳಿತಕ್ಕೆ ಮುಗಿಯುತ್ತದೆ.

ಯಾವುದೇ ಕಣಿವೆಮಾರ್ಗವನ್ನು ಒಂಟಿಯಾಗಿ ಬರೆಯಕೂಡದು ಎಂಬುದು ಈ ಬರಹದಲ್ಲಿ ನಾನು ಹೆಚ್ಚು ಒತ್ತಿ ಹೇಳಬಯಸುವ ಮಾತು. ಒಂದೇ ಬೆಟ್ಟಸಾಲಿನಲ್ಲಿ ದಾಟುವ ದಾರಿಗಳು ಹಲವಿರುತ್ತವೆ, ಅವುಗಳ ನಡುವೆ ಪೈಪೋಟಿ ಇರುತ್ತದೆ, ಮತ್ತು ಒಂದರ ಏಳಿಗೆಗೆ ಕಾರಣ ಇನ್ನೊಂದರ ಕಡತದಲ್ಲಿ ಸಿಗುತ್ತದೆ. ನಾಥು ಲಾದ ಜೋಡಿ ಜೆಲೆಪ್ ಲಾ. ಎರಡೂ ಇಳಿಯುವುದು ಅದೇ ಚುಂಬಿ ಕಣಿವೆಗೆ. ಆದರೆ ನಾಥು ಲಾಗೆ ಹೋಗುವ ದಾರಿ ಗ್ಯಾಂಗ್ಟಕ್ ಮೂಲಕ, ಜೆಲೆಪ್ ಲಾಗೆ ಹೋಗುವುದು ಕಾಲಿಂಪಾಂಗ್ ಮತ್ತು ಪೆಡಾಂಗ್ ಮೂಲಕ. ಕಾಲಿಂಪಾಂಗ್ 1865ರಲ್ಲಿ ಭೂತಾನದಿಂದ ಬ್ರಿಟಿಷರ ಕೈಸೇರಿದ ಮೇಲೆ, ಪೆಡಾಂಗ್‌ವರೆಗೂ ತಮ್ಮದೇ ನೆಲದಲ್ಲಿ ಸಾಗಿ ಟಿಬೆಟ್‌ನ ಅಂಚು ಮುಟ್ಟುವ ದಾರಿ ಅವರಿಗೆ ದೊರೆಯಿತು. ಡಾರ್ಜಿಲಿಂಗಿನ ಡೆಪ್ಯುಟಿ ಕಮಿಷನರ್ ಜಾನ್ ವೇರ್ ಎಡ್ಗರ್ 1873ರಲ್ಲಿ ಈ ಗಡಿಯನ್ನು ಸುತ್ತಿ ಬರೆದ ವರದಿ, ರಸ್ತೆಗೆ ಯಾವ ಕಣಿವೆಮಾರ್ಗ ಒಗ್ಗುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡದ್ದು. ಅಂತಹ ವರದಿಗಳನ್ನು ಓದುವಾಗ ದೃಶ್ಯವರ್ಣನೆಗಳನ್ನು ಬದಿಗಿಟ್ಟು, ಏರು ಎಷ್ಟು, ಮೇವು ಎಲ್ಲಿ ಸಿಗುತ್ತದೆ, ಹಿಮ ಯಾವ ತಿಂಗಳು ಕರಗುತ್ತದೆ ಎಂಬುದನ್ನು ಹೆಕ್ಕಬೇಕು.

ಈ ಜೋಡಿಯನ್ನು ಅಕ್ಕಪಕ್ಕ ಇಟ್ಟು ದಾಖಲೆಪುಸ್ತಕವನ್ನು ತುಂಬಿದರೆ ಕಾಣುವ ಸಂಗತಿ ಬೆರಗು ಹುಟ್ಟಿಸುವಂತಹದು. 1888ರಲ್ಲಿ ಬ್ರಿಟಿಷ್ ಸೇನೆ ಟಿಬೆಟನ್ನರನ್ನು ಹಿಮ್ಮೆಟ್ಟಿಸಿದ್ದು ಜೆಲೆಪ್ ಲಾದ ಬಳಿ. 1903ರ ಡಿಸೆಂಬರ್‌ನಲ್ಲಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ನೇತೃತ್ವದ ದಂಡು ಟಿಬೆಟ್ಟಿಗೆ ನುಗ್ಗಿದ್ದು ಜೆಲೆಪ್ ಲಾದಿಂದ. 1910ರಲ್ಲಿ ಹದಿಮೂರನೆಯ ದಲೈ ಲಾಮಾ ಚೀನೀ ಪಡೆಯಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದದ್ದೂ ಅಲ್ಲಿಂದಲೇ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಹೆಸರು ಮಾಡಿದ್ದೆಲ್ಲ ಜೆಲೆಪ್ ಲಾ. ನಾಥು ಲಾ ಪಕ್ಕದ ಮನೆಯ ಬಾಗಿಲಿನಂತಿತ್ತು. ಅದರ ನಸೀಬು ಬದಲಾದದ್ದು ರಸ್ತೆಯಿಂದ. ಗ್ಯಾಂಗ್ಟಕ್ ಸಿಕ್ಕಿಮಿನ ರಾಜಧಾನಿಯಾಗಿ ಬೆಳೆದು, 1950ರ ದಶಕದಲ್ಲಿ ಅಲ್ಲಿಂದ ಗಡಿಯ ಕಡೆಗೆ ಮೋಟಾರು ರಸ್ತೆ ಬಂದಾಗ, ಹೇಸರಗತ್ತೆಗಳ ಕಾಲದಲ್ಲಿ ಹಿಂದೆ ಬಿದ್ದಿದ್ದ ದಾರಿ ಮುಂದೆ ಬಂದಿತು. ನಾಥು ಲಾಗೆ ಹೋಗುವ ಆ ರಸ್ತೆಗೆ ಜವಾಹರಲಾಲ್ ನೆಹರೂ ಹೆಸರನ್ನು ಇಡಲಾಯಿತು. 1958ರ ಸೆಪ್ಟೆಂಬರ್‌ನಲ್ಲಿ ನೆಹರೂ ತಮ್ಮ ಮಗಳು ಇಂದಿರಾ ಅವರೊಂದಿಗೆ ನಾಥು ಲಾ ದಾಟಿದ್ದರು. ಆದರೆ ಅವರು ಹೊರಟಿದ್ದದ್ದು ಟಿಬೆಟ್ಟಿಗಲ್ಲ, ಭೂತಾನಕ್ಕೆ. ಆಗ ಭಾರತದಿಂದ ನೇರವಾಗಿ ಪಾರೋಗೆ ರಸ್ತೆಯೇ ಇರಲಿಲ್ಲವಾದ್ದರಿಂದ ಚುಂಬಿ ಕಣಿವೆಯನ್ನು ಬಳಸಿ ಹೋಗಬೇಕಾಯಿತು.

ಒಪ್ಪಂದಗಳನ್ನು ಓದುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಹೊಸಬರು ಪೀಠಿಕೆಯನ್ನು ಓದಿ ಬಿಡುತ್ತಾರೆ, ಸ್ವಾರಸ್ಯವಿರುವುದು ಉಪವಿಧಿಗಳಲ್ಲಿ. 1893ರ ವ್ಯಾಪಾರ ನಿಯಮಗಳ ಪ್ರಕಾರ 1894ರ ಮೇ 1ರಿಂದ ಗಡಿಯಾಚೆಯ ಯಾತುಂಗ್‌ನಲ್ಲಿ ಸಂತೆ ತೆರೆಯಬೇಕು, ಮೊದಲ ಐದು ವರ್ಷ ಸುಂಕವಿಲ್ಲ ಎಂದಿದೆ. ಮೇಲ್ನೋಟಕ್ಕೆ ಧಾರಾಳ. ಕೆಳಗೆ ನೋಡಿದರೆ, ಆ ಐದು ವರ್ಷ ಭಾರತದ ಚಹಾವನ್ನು ಮಾತ್ರ ಟಿಬೆಟ್‌ಗೆ ಮಾರುವಂತಿಲ್ಲ ಎಂದೂ ಇದೆ. ಡಾರ್ಜಿಲಿಂಗಿನ ತೋಟಗಳು ಗುಡ್ಡದ ಈಚೆಗೆ, ದಿನಕ್ಕೆ ಹತ್ತಾರು ಬಟ್ಟಲು ಚಹಾ ಕುಡಿಯುವ ಜನ ಆಚೆಗೆ, ಮತ್ತು ಟಿಬೆಟ್‌ಗೆ ಇಟ್ಟಿಗೆಯಂತೆ ಒತ್ತಿದ ಚಹಾ ಸಾಗಿಸುತ್ತಿದ್ದ ಚೀನಾದ ವ್ಯಾಪಾರ ನಡುವೆ: ಈ ಮೂರನ್ನೂ ಒಟ್ಟಿಗೆ ನೆನೆದಾಗ ಆ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಇನ್ನೊಂದು ನಿದರ್ಶನ 1954ರ ಏಪ್ರಿಲ್ 29ರ ಭಾರತ–ಚೀನಾ ಒಪ್ಪಂದ, ಅಂದರೆ ಪಂಚಶೀಲದ ಪೀಠಿಕೆಯಿಂದ ಹೆಸರಾದದ್ದು. ವರ್ತಕರೂ ಯಾತ್ರಿಕರೂ ಬಳಸಬಹುದಾದ ಆರು ಕಣಿವೆಮಾರ್ಗಗಳನ್ನು ಅದು ಹೆಸರಿಸುತ್ತದೆ: ಶಿಪ್ಕಿ ಲಾ, ಮಾನಾ, ನೀತಿ, ಕುಂಗ್ರಿ ಬಿಂಗ್ರಿ, ದರ್ಮಾ, ಲಿಪುಲೇಖ್. ಈ ಪಟ್ಟಿಯಲ್ಲಿ ನಾಥು ಲಾ ಇಲ್ಲ. ಇದನ್ನು ನೋಡಿ ಆ ಕಾಲದಲ್ಲಿ ನಾಥು ಲಾ ಮುಚ್ಚಿತ್ತೆಂದು ಬರೆದರೆ ದೊಡ್ಡ ತಪ್ಪಾಗುತ್ತದೆ. ಅದೇ ಒಪ್ಪಂದ ಟಿಬೆಟ್ ಕಡೆಯಲ್ಲಿ ಯಾತುಂಗ್, ಗ್ಯಾಂಟ್ಸೆ, ಫಾರಿಗಳನ್ನೂ ಭಾರತದ ಕಡೆಯಲ್ಲಿ ಕಾಲಿಂಪಾಂಗ್, ಸಿಲಿಗುರಿ, ಕಲ್ಕತ್ತೆಗಳನ್ನೂ ವ್ಯಾಪಾರದ ಊರುಗಳೆಂದು ಹೇಳುತ್ತದೆ. ಕಾಲಿಂಪಾಂಗಿನಿಂದ ಯಾತುಂಗಿಗೆ ಸರಕು ಹೋಗಬೇಕಾದರೆ ಜೆಲೆಪ್ ಲಾ ಅಥವಾ ನಾಥು ಲಾ ದಾಟಲೇಬೇಕು. ದಾರಿಯ ಹೆಸರು ಸಿಗದಿದ್ದಾಗ ಎರಡು ತುದಿಯ ಊರುಗಳನ್ನು ಹಿಡಿದು ದಾರಿಯನ್ನು ಊಹಿಸುವ ಈ ಕ್ರಮ ಬೇರೆ ಕಣಿವೆಮಾರ್ಗಗಳಿಗೂ ಅನ್ವಯಿಸುತ್ತದೆ.

ಆ ಒಪ್ಪಂದದ ಅವಧಿ ಎಂಟು ವರ್ಷ. ಅದು 1962ರ ಜೂನ್‌ನಲ್ಲಿ ನವೀಕರಣವಾಗದೆ ಮುಗಿಯಿತು. ಯುದ್ಧ ಆರಂಭವಾದದ್ದು ಅಕ್ಟೋಬರ್‌ನಲ್ಲಿ. ‘1962ರ ಯುದ್ಧದಿಂದ ನಾಥು ಲಾ ಮುಚ್ಚಿತು’ ಎಂಬ ವಾಕ್ಯ ಎಲ್ಲೆಡೆ ಸಿಗುತ್ತದೆ, ಮತ್ತು ಅದು ಪೂರ್ತಿ ಸುಳ್ಳಲ್ಲ. ಆದರೆ ಕಾಗದದ ಮೇಲೆ ಬಾಗಿಲು ಮುಚ್ಚಿದ್ದು ಗುಂಡು ಹಾರುವುದಕ್ಕೆ ನಾಲ್ಕು ತಿಂಗಳು ಮೊದಲು, ಹಾಗೂ 1959ರ ಟಿಬೆಟ್ ದಂಗೆಯ ನಂತರದ ನಿರ್ಬಂಧಗಳಿಂದ ವ್ಯಾಪಾರ ಅದಕ್ಕೂ ಮುಂಚೆಯೇ ಸೊರಗಿತ್ತು. ಆ ಯುದ್ಧದ ಮುಖ್ಯ ಕಾಳಗಗಳು ಲಡಾಖ್ ಮತ್ತು ಈಗಿನ ಅರುಣಾಚಲದಲ್ಲಿ ನಡೆದವೇ ಹೊರತು ಇಲ್ಲಿ ಅಲ್ಲ.

ಇಲ್ಲಿ ಕಾಳಗ ನಡೆದದ್ದು ಐದು ವರ್ಷಗಳ ಅನಂತರ, ಮತ್ತು ಆ ಭಾಗವನ್ನು ಬರೆಯುವಾಗ ಎಚ್ಚರಿಕೆ ಇಮ್ಮಡಿಯಾಗಬೇಕು. ಹಿನ್ನೆಲೆ 1965ರದು: ಪಾಕಿಸ್ತಾನದೊಂದಿಗಿನ ಯುದ್ಧದ ನಡುವೆ ಚೀನಾ ಕೊಟ್ಟ ಎಚ್ಚರಿಕೆಯ ಬಳಿಕ ಜೆಲೆಪ್ ಲಾದ ಠಾಣೆಯನ್ನು ಭಾರತೀಯ ಸೇನೆ ತೆರವು ಮಾಡಿತು, ಚೀನೀಯರು ಅದನ್ನು ಹಿಡಿದರು, ನಾಥು ಲಾವನ್ನು ಮಾತ್ರ ಬಿಟ್ಟುಕೊಡಲು ಅಲ್ಲಿನ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಸಗತ್ ಸಿಂಗ್ ಒಪ್ಪಲಿಲ್ಲ. ಜೋಡಿಯ ಎರಡು ದಾರಿಗಳ ಹಣೆಬರಹ ಬೇರೆಯಾದದ್ದು ಇಲ್ಲಿ. 1967ರ ಸೆಪ್ಟೆಂಬರ್ 11ರಂದು ಭಾರತೀಯರು ನೆತ್ತಿಯ ಉದ್ದಕ್ಕೂ ತಂತಿಬೇಲಿ ಹಾಕುತ್ತಿದ್ದಾಗ ಮಾತಿಗೆ ಮಾತು ಬೆಳೆದು ಚೀನೀ ಪಡೆ ಗುಂಡು ಹಾರಿಸಿತು. ಬಯಲಿನಲ್ಲಿ ನಿಂತಿದ್ದ 2 ಗ್ರೆನೇಡಿಯರ್ಸ್ ಬೆಟಾಲಿಯನ್ನಿನ ಸೈನಿಕರು ಮತ್ತು ಎಂಜಿನಿಯರುಗಳು ಬಲಿಯಾದರು, ಕಮಾಂಡಿಂಗ್ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ರಾಯ್ ಸಿಂಗ್ ಗಾಯಗೊಂಡರು. ಬಳಿಕ ಭಾರತದ ಫಿರಂಗಿಗಳು ಉತ್ತರ ಕೊಟ್ಟವು. ಅಕ್ಟೋಬರ್ 1ರಂದು ಉತ್ತರದ ಚೋ ಲಾದಲ್ಲಿ ಇನ್ನೊಂದು ಸಂಘರ್ಷವಾಯಿತು.

ಸಾವಿನ ಲೆಕ್ಕಕ್ಕೆ ಬಂದಾಗ ಒಂದೇ ಅಂಕಿಯನ್ನು ಬರೆದು ಮುಂದೆ ಹೋಗಬಾರದು. ಭಾರತದ ಲೆಕ್ಕದಲ್ಲಿ ತನ್ನ ಕಡೆ 88 ಮಂದಿ ಮೃತಪಟ್ಟರು, ಚೀನಾದ ಕಡೆ ಸುಮಾರು 340. ಚೀನಾದ ಲೆಕ್ಕದಲ್ಲಿ ನಾಥು ಲಾದಲ್ಲಿ ಸತ್ತ ತನ್ನವರು 32. ಇವೆರಡನ್ನು ಎದುರುಬದುರು ಇಟ್ಟು ಯಾರದು ಸುಳ್ಳು ಎಂದು ತೀರ್ಪು ಕೊಡುವ ಮುನ್ನ, ಭಾರತದ ಅಂಕಿ ನಾಥು ಲಾ ಮತ್ತು ಚೋ ಲಾ ಎರಡನ್ನೂ ಸೇರಿಸಿದ್ದು, ಚೀನಾದ್ದು ಒಂದೇ ಸ್ಥಳದ್ದು ಎಂಬುದನ್ನು ಓದುಗರಿಗೆ ಹೇಳಬೇಕು. ಅಂತರ ಆಗಲೂ ದೊಡ್ಡದೇ, ಆದರೆ ಹೋಲಿಕೆಯಾದರೂ ನ್ಯಾಯವಾಗಿರುತ್ತದೆ. ಎರಡೂ ಕಡೆಯ ವರದಿಗಳಲ್ಲಿ ಗಂಟೆ ನಿಮಿಷಗಳು ಬಂದರೆ ಇನ್ನೊಂದು ಲೆಕ್ಕವಿದೆ: ಚೀನಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ, ನಡುವೆ ಇರುವುದು ಒಂದು ಬೇಲಿಯಾದರೂ.

ಈ ಭಾಗದಲ್ಲಿ ಪದೇ ಪದೇ ಕಾಣುವ ಎರಡು ತಪ್ಪುಗಳಿವೆ. 1967ರ ಘಟನೆಯನ್ನು ‘ಭಾರತದ ಸಿಕ್ಕಿಂ ರಾಜ್ಯದಲ್ಲಿ’ ಎಂದು ಬರೆಯುವುದು ಮೊದಲನೆಯದು. ಸಿಕ್ಕಿಂ ಆಗ ಚೋಗ್ಯಾಲ್ ದೊರೆಯ ಆಳ್ವಿಕೆಯಲ್ಲಿ, 1950ರ ಒಪ್ಪಂದದಂತೆ ಭಾರತದ ರಕ್ಷಣೆಯಲ್ಲಿದ್ದ ಸಂಸ್ಥಾನ. ಅದು ರಾಜ್ಯವಾದದ್ದು 1975ರ ಮೇ 16ರಂದು. ಎರಡನೆಯದು ಹೆಸರಿನ ಗೊಂದಲ. 1967ರ ಕಾಳಗದಲ್ಲಿ ಮಡಿದು ಮರಣೋತ್ತರ ಮಹಾವೀರ ಚಕ್ರ ಪಡೆದ 18 ರಜಪೂತ್ ಬೆಟಾಲಿಯನ್ನಿನ ಮೇಜರ್ ಹರ್ಭಜನ್ ಸಿಂಗ್ ಒಬ್ಬರು. 1968ರಲ್ಲಿ ಮೃತಪಟ್ಟು, ಇಂದು ನಾಥು ಲಾ ದಾರಿಯ ಗುಡಿಯಲ್ಲಿ ‘ಬಾಬಾ’ ಎಂದು ಪೂಜೆಗೊಳ್ಳುವ 23 ಪಂಜಾಬ್ ಬೆಟಾಲಿಯನ್ನಿನ ಸಿಪಾಯಿ ಹರ್ಭಜನ್ ಸಿಂಗ್ ಇನ್ನೊಬ್ಬರು. ಇಬ್ಬರನ್ನೂ ಒಬ್ಬರನ್ನಾಗಿಸಿದ ಬರಹಗಳು ಕಡಿಮೆಯಿಲ್ಲ.

ಕಾಳಗದ ನಾಲ್ಕು ದಿನಗಳು ನಾಲ್ಕು ಪುಟ ತಿಂದು, ವ್ಯಾಪಾರದ ನೂರು ವರ್ಷಗಳು ಒಂದು ಪ್ಯಾರಾದಲ್ಲಿ ಮುಗಿಯುವುದು ಇಂತಹ ಇತಿಹಾಸಗಳ ರೋಗ. ಅದಕ್ಕೆ ಮದ್ದು ಸರಕುಪಟ್ಟಿ. 2006ರ ಜುಲೈ 6ರಂದು ನಾಥು ಲಾ ವ್ಯಾಪಾರಕ್ಕೆ ಮತ್ತೆ ತೆರೆದಾಗ ಭಾರತದಿಂದ 29 ಬಗೆಯ ಸರಕು ಹೋಗಬಹುದಿತ್ತು, ಟಿಬೆಟ್‌ನಿಂದ 15 ಬಗೆಯದು ಬರಬಹುದಿತ್ತು. ಬರುವ ಪಟ್ಟಿಯಲ್ಲಿ ಉಣ್ಣೆ, ಮೇಕೆಯ ಚರ್ಮ, ಉಪ್ಪು, ಬೆಣ್ಣೆ, ಕುದುರೆ, ಬಿಳಿಗಾರ, ಯಾಕ್‌ನ ಬಾಲ ಇದ್ದವು. ಇಪ್ಪತ್ತೊಂದನೆಯ ಶತಮಾನದ ಎರಡು ದೊಡ್ಡ ಆರ್ಥಿಕತೆಗಳ ನಡುವಿನ ವ್ಯಾಪಾರದ ಪಟ್ಟಿಯಂತೆ ಇದು ಕಾಣುವುದಿಲ್ಲ. ಹೇಸರಗತ್ತೆಯ ಬೆನ್ನಿನ ಮೇಲೆ ಹಿಂದೆ ಏನು ಬರುತ್ತಿತ್ತೋ ಅದನ್ನೇ ಯಾರೋ ನೆನಪಿನಿಂದ ಬರೆದಂತಿದೆ. ಕನ್ನಡ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಯಾಕ್‌ನ, ಅಂದರೆ ಚಮರೀಮೃಗದ, ಬಾಲವೇ ನಮ್ಮ ದೇವಸ್ಥಾನಗಳ ಉತ್ಸವದಲ್ಲಿ ಬೀಸುವ ಚಾಮರ. ಬಿಳಿಗಾರ ಅಕ್ಕಸಾಲಿಗರು ಚಿನ್ನ ಬೆಸೆಯಲು ಬಳಸುವ ಪುಡಿ. ಹಿಮಾಲಯದಾಚೆಯ ಈ ಎರಡು ಸರಕುಗಳ ಗುರುತು ನಮ್ಮ ದೇವರಮನೆ ಮತ್ತು ಅಕ್ಕಸಾಲೆಗಳವರೆಗೆ ಬಂದಿದೆ. ಹೋಗುವ ಪಟ್ಟಿಯಲ್ಲಿ ಅಕ್ಕಿ, ಬೆಲ್ಲ, ಸೀಮೆಎಣ್ಣೆಗಳ ಜೊತೆ ಕಾಫಿಯೂ ಇತ್ತೆಂಬುದು ಕೊಡಗು, ಚಿಕ್ಕಮಗಳೂರಿನವರ ಗಮನಕ್ಕೆ.

ಬಾಯಿಮಾತಿನ ಆಕರಗಳಿಗಾಗಿ ಕನ್ನಡನಾಡಿನವರು ಸಿಕ್ಕಿಮಿನವರೆಗೆ ಹೋಗಬೇಕಾಗಿಲ್ಲ. ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟನ್ ವಸತಿಗಳಲ್ಲಿ ಗಡಿ ದಾಟಿ ಬಂದ ತಲೆಮಾರಿನ ಹಿರಿಯರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರನ್ನು ಮಾತನಾಡಿಸುವಾಗ ‘ನೀವು ನಾಥು ಲಾದಿಂದ ಬಂದಿರಾ’ ಎಂದು ಬಾಯಿಗೆ ಉತ್ತರ ತುರುಕದೆ, ಯಾವ ಊರಿನಿಂದ ಹೊರಟರು, ಎಷ್ಟು ರಾತ್ರಿ ನಡೆದರು, ದಾಟಿದ ಮೇಲೆ ಮೊದಲು ಕಂಡ ಊರು ಯಾವುದು ಎಂದು ಕೇಳಬೇಕು. ಎಲ್ಲರೂ ಒಂದೇ ದಾರಿಯಲ್ಲಿ ಬಂದವರಲ್ಲ. ಹದಿನಾಲ್ಕನೆಯ ದಲೈ ಲಾಮಾ ಅವರೇ 1956ರಲ್ಲಿ ಬುದ್ಧ ಜಯಂತಿಗಾಗಿ ಭಾರತಕ್ಕೆ ಬಂದದ್ದು ನಾಥು ಲಾ ಮೂಲಕ, 1959ರಲ್ಲಿ ಆಶ್ರಯ ಕೋರಿ ಬಂದದ್ದು ದೂರದ ತವಾಂಗ್ ಕಡೆಯಿಂದ. ಹಿರಿಯರು ವರ್ಷವನ್ನು ಅಂಕಿಯಲ್ಲಿ ಹೇಳದೆ ‘ಭೂಮಿ–ಹಂದಿ ವರ್ಷ’ ಎಂದರೆ ಗಾಬರಿಯಾಗಬೇಕಿಲ್ಲ. ನಮ್ಮ ಸಂವತ್ಸರಗಳಂತೆ ಅವರದೂ ಅರವತ್ತರ ಚಕ್ರ; ಭೂಮಿ–ಹಂದಿ ಎಂದರೆ 1959, ನಮ್ಮ ವಿಕಾರಿ ಸಂವತ್ಸರ ಬಂದ ವರ್ಷ. ಅವರ ಹೊಸವರ್ಷ ಲೋಸಾರ್ ಬರುವುದು ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಾದ್ದರಿಂದ, ಜನವರಿಯ ಘಟನೆಯನ್ನು ಹಿಂದಿನ ವರ್ಷದ ಹೆಸರಿನಲ್ಲಿ ಹೇಳುತ್ತಾರೆ ಎಂಬುದಷ್ಟೇ ನೆನಪಿರಬೇಕು.

ಸ್ಥಳವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಗ್ಯಾಂಗ್ಟಕ್‌ನಿಂದ ದೂರ ಸುಮಾರು 55 ಕಿಲೋಮೀಟರ್. ಭಾರತೀಯರಿಗೆ ಮಾತ್ರ ಪ್ರವೇಶ. ನೋಂದಾಯಿತ ಪ್ರವಾಸ ಏಜೆಂಟರ ಮೂಲಕ ಗುರುತಿನ ಚೀಟಿ ಮತ್ತು ಭಾವಚಿತ್ರ ಕೊಟ್ಟು ಪರವಾನಗಿ ಪಡೆಯಬೇಕು. ವಾಡಿಕೆಯಂತೆ ಸೋಮವಾರ, ಮಂಗಳವಾರ ಪ್ರವಾಸಿಗರನ್ನು ಬಿಡುವುದಿಲ್ಲ; ಹಿಮ ಬಿದ್ದರೆ ಯಾವ ದಿನವೂ ಬಿಡದಿರಬಹುದು. ಒಂದೇ ಬೆಳಿಗ್ಗೆ ಎರಡೂವರೆ ಸಾವಿರ ಮೀಟರ್ ಏರುವುದರಿಂದ, ಮೇಲೆ ಓಡಾಡದೆ ನಿಧಾನವಾಗಿ ನಡೆಯುವುದು ಒಳ್ಳೆಯದು. ಅಲ್ಲಿ ನಿಂತಾಗ ಬೇಲಿಯಾಚೆಯ ಸೈನಿಕರನ್ನು ನೋಡುವುದಕ್ಕಿಂತ, ಹಿಂದಿರುಗಿ ಬಂದ ರಸ್ತೆಯ ತಿರುವುಗಳನ್ನು ಎಣಿಸಿ, ಗಡಿವ್ಯಾಪಾರಕ್ಕೆಂದು ಭಾರತದ ಕಡೆ ಇರುವ ಶೆರಾಥಾಂಗ್‌ನ ಸಂತೆ ಎಷ್ಟು ಕೆಳಗಿದೆ ಎಂದು ಗುರುತು ಹಾಕಿಕೊಂಡರೆ ಬರಹಕ್ಕೆ ಹೆಚ್ಚು ಉಪಯೋಗ.

ಬರೆಯಲು ಕುಳಿತಾಗ ದಾಖಲೆಪುಸ್ತಕದಲ್ಲಿ ಒಪ್ಪಿದ ದಿನವನ್ನೂ ದಾಟಿದ ದಿನವನ್ನೂ ಬೇರೆ ಬೇರೆ ಸಾಲಿನಲ್ಲಿ ಇಟ್ಟಿದ್ದೀರಾ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ. ಪ್ರಧಾನಿ ವಾಜಪೇಯಿಯವರ ಬೀಜಿಂಗ್ ಭೇಟಿಯಲ್ಲಿ ನಾಥು ಲಾ ವ್ಯಾಪಾರಕ್ಕೆ ಒಪ್ಪಿಗೆಯಾದದ್ದು 2003ರ ಜೂನ್‌ನಲ್ಲಿ, ಸರಕು ದಾಟಿದ್ದು ಮೂರು ವರ್ಷಗಳ ನಂತರ. ಕೈಲಾಸ ಮಾನಸ ಸರೋವರದ ಯಾತ್ರಿಕರು 2015ರ ಜೂನ್‌ನಲ್ಲಿ ಇಲ್ಲಿಂದ ಹೋಗತೊಡಗಿದರು, 2017ರಲ್ಲಿ ದೋಕ್ಲಾಮ್ ಬಿಕ್ಕಟ್ಟಿನಿಂದ ತಡೆಯಲ್ಪಟ್ಟರು, ಮರುವರ್ಷ ಮತ್ತೆ ಹೋದರು. 2020ರಲ್ಲಿ ಕೋವಿಡ್‌ನಿಂದ ಯಾತ್ರೆಯೂ ವ್ಯಾಪಾರವೂ ನಿಂತವು. ಯಾತ್ರೆ 2025ರ ಜೂನ್‌ನಲ್ಲಿ ಪುನರಾರಂಭವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಿಪುಲೇಖ್, ಶಿಪ್ಕಿ ಲಾ ಮತ್ತು ನಾಥು ಲಾ ಮೂಲಕ ಗಡಿವ್ಯಾಪಾರವನ್ನು ಮತ್ತೆ ತೆರೆಯಲು ಎರಡೂ ದೇಶಗಳು ಒಪ್ಪಿದವು. ಇದನ್ನು ಒಪ್ಪಿದ ದಿನದ ಸಾಲಿನಲ್ಲಿ ಬರೆದು, ಅದರ ಕೆಳಗೆ ಮೊದಲ ಸರಕು ದಾಟಿದ ದಿನಕ್ಕೆಂದು ಒಂದು ಸಾಲನ್ನು ಪ್ರತ್ಯೇಕವಾಗಿ ಇಡಿ.